ಬಲಕ್ಕೆ ಸುತ್ತಿದ ಎರಡು ತಿಂಗಳು

ಮೆಹಬೂಬ ಟೀವಿ ಗೇಮಿನ ಆ ಗುಪ್ತ ಬಾಗಿಲು ತೆರೆದದ್ದು ಅದೃಷ್ಟದಿಂದ ಎಂದು ಕೊಟ್ಟೂರಿನ ನನ್ನ ಗೆಳೆಯರು ಇಂದಿಗೂ ಹೇಳುತ್ತಾರೆ. ರಿಮೋಟಿನ ಮೇಲೆ ಹೆಬ್ಬೆರಳು ಜಾರಿತಂತೆ, ಬಾಗಿಲು ತೆರೆಯಿತಂತೆ. ಚರ್ಚಾಸ್ಪರ್ಧೆಗಳಲ್ಲಿ ಬೆಳೆದವನು ನಾನು. ಹೆಬ್ಬೆರಳು ಒಂದು ಸಲ ಜಾರುವುದನ್ನು ಒಪ್ಪಿಯೇನು. ಒಂದೇ ದಿಕ್ಕಿಗೆ ಮೂರು ಸುತ್ತು ಜಾರುತ್ತದೆಯೆ?

ತೊಂಬತ್ತರ ದಶಕದ ಕೊನೆ. ಮಾವ ಹೊಸಪೇಟೆಯಿಂದ ತಂದುಕೊಟ್ಟ ಟೀವಿ ಗೇಮಿನ ಕ್ಯಾಸೆಟ್ಟಿನಲ್ಲಿ ಕಾಡು, ನದಿ, ಪಾಳುಕೋಟೆ ಎಲ್ಲ ಇದ್ದವು. ಏನು ಮಾಡಬೇಕೆಂದು ಹೇಳುವ ಒಂದು ಚೀಟಿಯೂ ಇರಲಿಲ್ಲ. ಪರದೆಯ ಅಕ್ಷರಗಳು ಜಪಾನಿನವೋ ಚೀನಾದವೋ ಎಂದು ವಾದಿಸುವುದರಲ್ಲೇ ಒಂದು ಭಾನುವಾರ ಕಳೆಯಿತು. ಆಡುವವರು ಮೂವರು: ನಾನು, ಚಿಕ್ಕಪ್ಪನ ಮಗ ಬಸ್ಯಾ, ಟ್ರ್ಯಾಕ್ಟರ್ ಮೆಕ್ಯಾನಿಕ್ಕರ ಮಗ ಮೆಹಬೂಬ. ಆಟದ ಮನುಷ್ಯ ಸತ್ತರೆ ರಿಮೋಟು ಮುಂದಿನವನ ಕೈಗೆ. ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂದೆ ನಾವೇ ನಕ್ಷೆ ಬರೆದೆವು. ಎಷ್ಟು ನಡೆದರೂ ಏನೂ ಸಿಗದ ದಾರಿಗೆ ‘ಕೂಡ್ಲಿಗಿ ರೋಡು’ ಎಂದು ಹೆಸರಿಟ್ಟೆವು.

ಕೋಟೆಯ ಕೊನೆಯ ಕೋಣೆಯಲ್ಲಿ ಸಿಕ್ಕಿಬಿದ್ದೆವು. ನಡುವೆ ಒಂದು ಕಲ್ಲು, ಸುತ್ತ ಗೋಡೆ. ಕಲ್ಲನ್ನು ಸುತ್ತಿದರೆ ಟಿಣ್ಣೆನ್ನುತ್ತಿತ್ತು, ಅಷ್ಟೆ. ಐದು ಸುತ್ತಿದೆವು, ಹನ್ನೊಂದು ಸುತ್ತಿದೆವು, ಒಂದು ದಿನ ಹಟಕ್ಕೆ ಬಿದ್ದು ನೂರಾ ಎಂಟೂ ಮುಗಿಸಿದೆವು. ಹೀಗೇ ಎರಡು ತಿಂಗಳು, ಎಲ್ಲವೂ ಬಲಸುತ್ತು. ಪ್ರದಕ್ಷಿಣೆ ಮೂಢನಂಬಿಕೆ ಎಂದು ಹೈಸ್ಕೂಲಿನಲ್ಲಿ ಭಾಷಣ ಮಾಡಿ ಬಹುಮಾನ ಪಡೆದ ನಾನು, ಟೀವಿಯೊಳಗಿನ ಕಲ್ಲಿಗೆ ತಪ್ಪದೆ ಪ್ರದಕ್ಷಿಣೆ ಹಾಕುತ್ತಿದ್ದೆ.

ಕೊನೆಗೆ ಬಸ್ಯಾ ಬೇಸತ್ತ. “ಇದು ಕೆಟ್ಟ ಕ್ಯಾಸೆಟ್ಟಲೇ. ನಾಳಿ ಹೊಸಪೇಟ್ಯಾಗ ಬದ್ಲಿ ಮಾಡ್ಸೋಣು.”

ಬಾಗಿಲು ಇದ್ದೇ ಇದೆ ಎಂದು ನಾನು ವಾದಿಸಿದೆ. ಸಾಕ್ಷಿ ಎಲ್ಲಿ ಎಂದು ಅವನು ನನ್ನ ಚರ್ಚಾಸ್ಪರ್ಧೆಯ ಪ್ರಶ್ನೆಯನ್ನೇ ನನಗೆ ಹಾಕಿದ. ಆಗ ಮೆಹಬೂಬ ರಿಮೋಟು ತೆಗೆದುಕೊಂಡು ಎಡಕ್ಕೆ ಹೊರಟ.

“ಲೇ, ಉಲ್ಟಾ ಸುತ್ತಾಕತ್ತೀಯಲ್ಲೋ,” ಎಂದ ಬಸ್ಯಾ.

“ಬೋಲ್ಟು ಬಿಚ್ಚಾಕ ಯಾವ ಕಡಿ ತಿರುವ್ತಾರ?” ಎಂದ ಮೆಹಬೂಬ. “ಎರಡು ತಿಂಗ್ಳಿಂದ ಟೈಟು ಮಾಡಾಕತ್ತೀರಿ ನೀವು.”

ಮೂರನೆಯ ಸುತ್ತಿಗೆ ಗೋಡೆ ಸರಿಯಿತು.

ಎಷ್ಟೋ ವರ್ಷದ ಮೇಲೆ ಹರಪನಹಳ್ಳಿಯ ಸೈಬರ್ ಕೆಫೆಯಲ್ಲಿ ಆ ಆಟದ ಪೂರ್ತಿ ಗೈಡು ಸಿಕ್ಕಿತು. ನಮ್ಮ ಎರಡು ತಿಂಗಳಿಗೆ ಅದರಲ್ಲಿ ಒಂದೇ ಸಾಲು: ಎಡಕ್ಕೆ ಮೂರು ಸುತ್ತು.

“ಇದು ಆಗ ಇದ್ದಿದ್ರ ಎರಡು ತಿಂಗಳು ಉಳೀತಿತ್ತು,” ಎಂದ ಜೊತೆಗಿದ್ದ ಬಸ್ಯಾ.

“ಉಳಿಸಿ ಏನು ಮಾಡ್ತಿದ್ದಿ?” ಎಂದೆ ನಾನು.

“ಇನ್ನೊಂದು ಗೇಮು ಆಡ್ತಿದ್ದೆ.”

ಆ ಸಾಲು ಓದಿದವನಿಗೆ ಬಾಗಿಲು ಸಿಗುತ್ತದೆ, ನಿಜ. ಆದರೆ ತನ್ನ ಕೈಗೆ ಯಾವ ದಿಕ್ಕಿನ ರೂಢಿ ಇದೆ ಎಂಬುದು ಅವನಿಗೆ ಎಂದೂ ತಿಳಿಯುವುದಿಲ್ಲ. ನಮಗೆ ತಿಳಿಯಿತು. ಕ್ಯಾಲೆಂಡರ್ ನಕ್ಷೆಗಳನ್ನು ನಾನು ಪದವಿ ಪ್ರಮಾಣಪತ್ರದ ಜೊತೆಗೇ ಇಟ್ಟಿದ್ದೇನೆ. ಹೆಚ್ಚು ಕಷ್ಟಪಟ್ಟು ಗಳಿಸಿದ್ದು ಯಾವುದು ಎಂದು ಕೇಳಿದರೆ ನಕ್ಷೆ ತೋರಿಸುತ್ತೇನೆ.

ಒಂದು ಮಾತು ಮಾತ್ರ ಕೊರೆಯುತ್ತದೆ. ಹೆಬ್ಬೆರಳು ಜಾರಿದ ಕಥೆ ಹಬ್ಬಿಸಿದವನು ಮೆಹಬೂಬನೇ. ಆ ಎರಡು ತಿಂಗಳು ತನ್ನ ಸರದಿ ಬಂದಾಗಲೆಲ್ಲ ಅವನು ಕೋಟೆಯತ್ತ ಸುಳಿಯದೆ ನದಿಯಲ್ಲಿ ಮೀನು ಹಿಡಿಯುತ್ತ ಕೂತಿದ್ದ. ಎಡಕ್ಕೆ ತಿರುಗಿದ್ದು ಕ್ಯಾಸೆಟ್ಟು ವಾಪಸ್ ಹೋಗುವ ಹಿಂದಿನ ದಿನ.

ಮೆಹಬೂಬ, ನಿನ್ನ ಗ್ಯಾರೇಜಿಗೆ ಕೇಳಲೆಂದೇ ಬಂದು, ಚಹಾ ಕುಡಿದು, ಕೇಳದೆ ಹೋಗಿದ್ದೇನೆ. ಇಲ್ಲಿ ಕೇಳುತ್ತೇನೆ: ಆ ಬಾಗಿಲು ನಿನಗೆ ಗೊತ್ತಾದದ್ದು ಯಾವತ್ತು?