ಪಡಸಾಲೆಯಲ್ಲೊಂದು ಬಂದರು

ಗೆಳೆಯರೇ, ಇವತ್ತು ಮನೆಯ ಹುಡುಗರ ಆಟಿಕೆ ರೈಲಿಗೊಂದು ಬಂದರು ಕಟ್ಟಲೆಂದು ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಿಂದ ಹಡಗನ್ನೂ ಹಳಿಗಳನ್ನೂ ಬರೆಯುತ್ತಿದ್ದೆ. ಹತ್ತಿ ದಲಾಲಿ ಮಾಡುವ ನಮ್ಮ ಕಾಕಾ ಒಳಗೆ ಕಾಲಿಟ್ಟರು. ಸಮುದ್ರ ದಾಟಿದರೆ ಜಾತಿ ಕೆಡುತ್ತದೆಂದು ನನ್ನ ವಿಲಾಯತಿ ಓದು ತಪ್ಪಿಸಿದವರು ಇವರೇ.

"ಹಳಿ ಹಡಗಿನ ಮಗ್ಗಲಕ್ಕ ತಗೊಂಡ್ಹೋಗೋ! ಇಷ್ಟು ದೂರ ಇಟ್ರ ಅಷ್ಟು ದೊಡ್ಡ ಹತ್ತಿ ಅಂಡಿಗಿ ಹಡಗಕ್ಕ ಹೆಂಗ ಏರಸ್ತಿ? ಎಂಜಿನ್ ಹೊರಗ ಬರಲಿಕ್ಕೆ ಇನ್ನೊಂದು ಹಳಿ ಬ್ಯಾಡೇನು?" ಎನ್ನುತ್ತ ಕುಕ್ಕರಗಾಲಲ್ಲಿ ಕೂತು, ನನ್ನ ಗೆರೆ ಅಳಿಸಿ ತಾವೇ ಎಳೆದರು.

"ಕಾಕಾ, ಸಮುದ್ರ ದಾಟಿದ್ರ ಹತ್ತಿ ಜಾತಿ ಕೆಡಂಗಿಲ್ಲೇನ್ರಿ?" ಎಂದೆ.

"ಹತ್ತಿ ಏನು ಹಡಗಿನ್ಯಾಗ ಊಟಾ ಮಾಡ್ತದೇನೋ, ಹುಚ್ಚಾ?"

ಖರೇ. ಅದು ವಿಲಾಯತಿ ಗಿರಣಿಯಲ್ಲಿ ಬಟ್ಟೆಯಾಗಿ ಮತ್ತೆ ಸಮುದ್ರ ದಾಟಿ ಬರುತ್ತದೆ, ಅಷ್ಟೇ. ಆ ವಿಲಾಯತಿ ಧೋತರ ಉಟ್ಟೇ ಕಾಕಾ ಈಗ ಮಡಿಯಲ್ಲಿ ಪೂಜೆಗೆ ಕೂತಿದ್ದಾರೆ.