ಗಾಳಿ ಬ್ರೇಕಿನ ಅಂಬ್ರಪ್ಪ

ದೋರನಹಳ್ಳಿಯ ಅಂಬ್ರಪ್ಪನಿಗೆ ಗಾಳಿಯ ಹುಚ್ಚು ಹಿಡಿದದ್ದು ಶಹಾಪುರದ ಸೇಠರ ಲಾರಿಯ ಕೆಳಗೆ. ಅದಕ್ಕೂ ಮೊದಲು ಅವನು ಅಪ್ಪಟ ಎಣ್ಣೆಯ ಮನುಷ್ಯ. ಶಹಾಪುರದ ಬಂಡಿ ಅಡ್ಡೆಯಲ್ಲಿ ಕೂತು, ಬಂದ ಬಂಡಿಗಳ ಗಾಲಿ ಕಳಚಿ, ಅಚ್ಚಿಗೆ ಹರಳೆಣ್ಣೆ ಕೊಟ್ಟು, ಮತ್ತೆ ಗಾಲಿ ಏರಿಸಿ ಕಳಿಸುವುದು ಅವನ ಕಸುಬು. ಹುಲ್ಲು ಸುಟ್ಟ ಕರಿಯನ್ನು ಎಣ್ಣೆಯಲ್ಲಿ ಕಲೆಸಿ ಅವನು ಮಾಡುತ್ತಿದ್ದ ಕೀಲೆಣ್ಣೆಗೆ ಸುತ್ತಲಿನ ಹಳ್ಳಿಗಳಲ್ಲಿ ಹೆಸರಿತ್ತು. ಅದರಲ್ಲೂ ಮಗಳನ್ನು ಗಂಡನ ಮನೆಗೆ ಕಳಿಸುವ ಬಂಡಿಯಾದರೆ ಅಂಬ್ರಪ್ಪನೇ ಕೈಯಾಡಿಸಬೇಕು. ಮಗಳು ಹೊರಟ ಬಂಡಿ ಕಿರ್ರೆಂದರೆ ಗಾಲಿ ಅತ್ತಿತು ಎನ್ನುತ್ತಿದ್ದರು. ಗಾಲಿ ಅತ್ತರೆ ಹೋದ ಮನೆಯಲ್ಲಿ ಮಗಳೂ ಅಳುತ್ತಾಳೆ ಎಂಬುದು ಹೆಂಗಸರ ಗಟ್ಟಿ ನಂಬಿಕೆ. ತಾಯಂದಿರು ಬಂಡಿಯ ಬಗಲಲ್ಲೇ ಒಂದಷ್ಟು ದೂರ ನಡೆದು, ಗಾಲಿಗೆ ಕಿವಿಗೊಟ್ಟು, ಸದ್ದಿಲ್ಲವೆಂದು ಖಾತ್ರಿಯಾದ ಮೇಲೆ ಕಣ್ಣೊರೆಸಿಕೊಂಡು ಮನೆಗೆ ತಿರುಗುತ್ತಿದ್ದರು.

ಆ ವರ್ಷಗಳೇ ಒಂದು ನಮೂನೆ. ಪೊಲೀಸ್ ಕಾರ್ಯಾಚರಣೆ ಮುಗಿದು ತಹಸೀಲ ಕಚೇರಿಯ ಮೇಲೆ ಹೊಸ ಬಾವುಟ ಹಾರುತ್ತಿತ್ತು. ಕಚೇರಿಯ ಒಳಗಿನ ಮಾತು ಮಾತ್ರ ಇನ್ನೂ ಉರ್ದುವಿನಲ್ಲೇ ನಡೆದಿತ್ತು. ನಾವು ಹೈದರಾಬಾದಿಗೇ ಉಳಿಯುತ್ತೇವೋ ಮೈಸೂರಿನವರ ಜತೆ ಕೂಡುತ್ತೇವೋ ಎಂದು ಚಹಾದಂಗಡಿಯಲ್ಲಿ ಕೂತವರು ಹಗಲೆಲ್ಲ ವಾದ ಹಾಕುತ್ತಿದ್ದರು, ಯಾರೋ ಬಂದು ತಮ್ಮನ್ನು ಕೇಳಿಯೇ ಕೂಡಿಸುತ್ತಾರೆ ಅನ್ನುವ ಹಾಗೆ. ಅಂಥ ದಿನಗಳಲ್ಲಿ ಸೇಠರು ಸಿಕಂದರಾಬಾದಿನ ಹರಾಜಿನಿಂದ ಒಂದು ದಂಡಿನ ಲಾರಿ ತಂದರು. ಮಹಾಯುದ್ಧ ಮುಗಿಸಿ ಬಂದ ಭಾರೀ ಲಾರಿ ಅದು. ಜತೆಗೆ ಬಂದವನು ಡ್ರೈವರ್ ಅಮೀನಸಾಬ. ಬರ್ಮಾದ ಕಾಡಿನಲ್ಲಿ ಇಂಥವೇ ಲಾರಿ ಓಡಿಸಿ ಪಳಗಿದ್ದ ಮುದುಕ. ಸಿಟ್ಟು ಮೂಗಿನ ತುದಿಯಲ್ಲಿ, ಕರುಣೆ ಎಲ್ಲೋ ಅದರ ಹಿಂದೆ. ಸುರಪುರದ ಅರಳೆ, ಶೇಂಗಾ ಹೇರಿಕೊಂಡು ಯಾದಗಿರಿ ಟೇಶನ್ನಿಗೆ ಮುಟ್ಟಿಸುವುದು ಲಾರಿಯ ಕೆಲಸವಾಯಿತು. ಬಂಡಿಗಳು ಕಡಿಮೆಯಾದವು. ಅಂಬ್ರಪ್ಪನನ್ನು ಸೇಠರು ಲಾರಿಗೆ ಗ್ರೀಸು ಹಾಕಲು ಕರೆದರು.

ಮೊದಲ ದಿನವೇ ಅವನು ಎಡವಿದ. ಗಾಲಿ ಬಿಚ್ಚಿದಾಗ ಒಳಗೆ ಎರಡು ಅರ್ಧಚಂದ್ರದ ಪಟ್ಟಿಗಳು ಒಣಒಣ ಕಂಡವು. ತಿಕ್ಕುವ ಜಾಗ ಒಣಗಿದ್ದರೆ ಕೀಲೆಣ್ಣೆಯವನ ಕರುಳು ಚುರ್ ಅನ್ನದೆ ಇದ್ದೀತೇ? ಎರಡಕ್ಕೂ ಪಸೆಯಾಗಿ ಹರಳೆಣ್ಣೆ ಸವರಿದ. ಅಮೀನಸಾಬ ಬಂದು ನೋಡಿ ತಲೆಯ ಮೇಲೆ ಕೈ ಹೊತ್ತು ಕೂತ.

"ಏನ್ ಮಾಡಿಟ್ಟಿಯೋ ಮಾರಾಯಾ."

"ಒಣಗಿತ್ರಿ ಚಾಚಾ. ನಿಲ್ಲಿಸಿದಾಗೆಲ್ಲಾ ಕಿರ್ ಅಂತಿತ್ತು. ಅದಕ್ಕ ಎಣ್ಣಿ ಕೊಟ್ಟೆ."

"ಧೂಳು ಹೊಕ್ಕರ ಕಿರ್ ಅಂತದ, ಅನ್ಲಿ. ಅದು ಒಣಗೇ ಇರಬೇಕು. ಬಂಡಿ ಓಡಬೇಕಂತ ನೀ ಎಣ್ಣಿ ಹಾಕ್ತಿದ್ದಿ. ಇದು ಲಾರಿ ನಿಲ್ಲಬೇಕಂತ ಇರೂ ಜಾಗ. ಇಲ್ಲಿ ಎಣ್ಣಿ ಬಿದ್ರ, ಸುರಪುರದ ಗುಡ್ಡ ಇಳಿವಾಗ ನಾ ಸೀದಾ ಜನ್ನತ್‌ಗೆ, ನೀ ಸೀದಾ ಕೈಲಾಸಕ್ಕ."

ಅಂದಿನಿಂದ ಅಂಬ್ರಪ್ಪ ಎಲ್ಲಿ ಎಣ್ಣೆ ಹಾಕಬಾರದು ಎಂಬುದನ್ನು ಕಲಿಯತೊಡಗಿದ. ಕಲಿಯುತ್ತ ಕಲಿಯುತ್ತ ಮರುಳಾದ. ಈ ಲಾರಿಯನ್ನು ನಿಲ್ಲಿಸುತ್ತಿದ್ದದ್ದು ಕಬ್ಬಿಣವಲ್ಲ, ಗಾಳಿ! ಎಂಜಿನ್ನು ಹೊರಗಿನ ಗಾಳಿಯನ್ನು ಸೆಳೆದು ಒಂದು ಉದ್ದನೆಯ ಟಾಕಿಯಲ್ಲಿ ಒತ್ತಿ ತುಂಬುತ್ತಿತ್ತು. ಡ್ರೈವರ್ ಪೆಡಲು ತುಳಿದರೆ ಆ ಗಾಳಿ ಕೊಳವೆಗಳಲ್ಲಿ ಓಡಿ ಪ್ರತಿ ಗಾಲಿಯ ಹಿಂದಿರುವ ದುಂಡನೆಯ ಡಬ್ಬಿಗೆ ನುಗ್ಗಿ, ಒಳಗಿನ ರಬ್ಬರನ್ನು ಉಬ್ಬಿಸಿ, ಒಂದು ಸರಳನ್ನು ಮುಂದಕ್ಕೆ ತಳ್ಳುತ್ತಿತ್ತು. ಸರಳು ಒಂದು ತೋಳನ್ನು ತಿರುಗಿಸಿದರೆ ಪಟ್ಟಿಗಳು ಅಗಲಿ ಗಾಲಿಯನ್ನು ಒಳಗಿನಿಂದ ಬಿಗಿಹಿಡಿಯುತ್ತಿದ್ದವು. ಆ ತೋಳಿಗೆ, ಅದರ ದಂಡಕ್ಕೆ ಒಂದಿಷ್ಟೇ ಗ್ರೀಸು. ಹೆಚ್ಚಾದರೆ ಒಳಗೆ ಜಿನುಗಿ ಪಟ್ಟಿ ಕೆಡುತ್ತದೆ. ಕೊಳವೆಯ ಕೂಡುಗಳಿಗೆ ಅಂಟವಾಳಕಾಯಿಯ ನೊರೆ ಹಚ್ಚಿ ನೋಡಬೇಕು. ಗುಳ್ಳೆ ಎದ್ದರೆ ಅಲ್ಲಿ ಗಾಳಿ ಸೋರುತ್ತಿದೆ. ಅಂಬ್ರಪ್ಪ ನೊರೆ ಹಚ್ಚಿ ಅಂಗಾತ ಮಲಗಿ ನೋಡುತ್ತಿದ್ದ. ಶಹಾಪುರದ ಗುಡ್ಡ ಮಲಗಿದ ಮನುಷ್ಯನ ಹಾಗೆ ಕಾಣುವುದು ಊರಿಗೆಲ್ಲ ಗೊತ್ತು. ಬೆಳಗಿನ ಮಬ್ಬಿನಲ್ಲಿ ಟಾಕಿ ತುಂಬುತ್ತ ಹೋದಂತೆ ಆ ಗುಡ್ಡದ ಎದೆಯೂ ಮೆಲ್ಲಗೆ ಏರುತ್ತಿದೆ ಎಂದು ಅವನಿಗೆ ಅನಿಸುತ್ತಿತ್ತು. ಅನಿಸಿದ್ದನ್ನು ಯಾರಿಗೂ ಹೇಳುತ್ತಿರಲಿಲ್ಲ, ಅಷ್ಟು ಬುದ್ಧಿ ಇತ್ತು.

ಇಷ್ಟೆಲ್ಲ ಕನಸಿಗೆ ಕಾರಣ ಬೇರೆಯೇ ಇತ್ತು. ಅಂಬ್ರಪ್ಪನ ಮನೆ ಖಾಲಿಯಾಗಿತ್ತು.

ಅವನ ಹೆಂಡತಿ ದೇವಕಮ್ಮ ಸುರಪುರದವಳು. ಚೊಚ್ಚಲ ಬಸುರಿಯಾಗಿ ತವರಿಗೆ ಹೋದಳು. ಕೂಸು ಹುಟ್ಟಿತು, ಉಳಿಯಲಿಲ್ಲ. ಆ ದಿನ ಅಂಬ್ರಪ್ಪ ಲಾರಿಯ ಜತೆ ಯಾದಗಿರಿಯಲ್ಲಿದ್ದ. ಸುದ್ದಿ ಅವನನ್ನು ಹುಡುಕಿಕೊಂಡು ಹೋಗಿ ಮುಟ್ಟುವುದರೊಳಗೆ, ಅವನು ಎದ್ದುಬಿದ್ದು ಓಡಿ ಬರುವುದರೊಳಗೆ, ಮಣ್ಣು ಕೊಟ್ಟಾಗಿತ್ತು. ದೇವಕಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವಳು ತಿರುಗಲಿಲ್ಲ, ಮಾತಾಡಲಿಲ್ಲ. ಆಮೇಲೆ ಅವನು ಹೋದಾಗಲೆಲ್ಲ ಅತ್ತೆ ಹಣಮಮ್ಮ ಕಾಲಿಗೆ ನೀರು ಕೊಟ್ಟು, ರೊಟ್ಟಿ ಬಡಿದು ಉಣ್ಣಿಸಿ, ಮಗಳಿಗಿನ್ನೂ ಆರಾಮಿಲ್ಲ ಎಂದು ಕಳಿಸಿಬಿಡುತ್ತಿದ್ದಳು. ಬೈದಿದ್ದರೂ ತಡೆದುಕೊಳ್ಳಬಹುದಿತ್ತು. ಆ ಮರ್ಯಾದೆ ಅವನನ್ನು ಸುಡುತ್ತಿತ್ತು.

ಬೆಳಗಾಗೆದ್ದು ಟಾಕಿಯ ತಳದ ನಲ್ಲಿ ಬಿಡುವುದು ಅವನ ಮೊದಲ ಕೆಲಸ. ಲಾರಿ ಹಿಂದಿನ ದಿನ ಸೆಳೆದುಕೊಂಡ ಗಾಳಿಯ ಪಸೆ ಅಲ್ಲಿ ನೀರಾಗಿ ನಿಂತಿರುತ್ತದೆ. ಬಿಡದಿದ್ದರೆ ತುಕ್ಕು ಹಿಡಿಯುತ್ತದೆ. ಲಾರಿ ಸುರಪುರಕ್ಕೆ ಹೋಗಿಬಂದ ಮರುದಿನ ಅಂಬ್ರಪ್ಪ ಆ ನೀರಿಗೆ ಅಂಗೈ ಒಡ್ಡುತ್ತಿದ್ದ. ಇದು ಸುರಪುರದ ಗಾಳಿ, ದೇವಕಮ್ಮ ಉಸಿರಾಡಿ ಬಿಟ್ಟ ಗಾಳಿಯೂ ಇದರಲ್ಲಿ ಒಂದು ಹನಿಯಾದರೂ ಇದ್ದೀತು ಎಂಬುದು ಅವನ ಲೆಕ್ಕ.

"ಅತ್ತರು ಏನೋ ಅದು, ಮೂಸಿ ನೋಡಾಕತ್ತಿ?" ಎಂದು ಅಮೀನಸಾಬ ಛೇಡಿಸುತ್ತಿದ್ದ.

ಒಂದು ಕನಸು ಅವನಿಗೆ ಮತ್ತೆ ಮತ್ತೆ ಬೀಳುತ್ತಿತ್ತು. ದೋರನಹಳ್ಳಿಯಿಂದ ಸುರಪುರದವರೆಗೆ, ಎರೆಹೊಲಗಳ ನಡುವೆ ಒಂದು ತೆಳ್ಳನೆಯ ಕೊಳವೆ. ಈ ತುದಿಯಲ್ಲಿ ಅವನು ಕಾಲೊತ್ತಿದರೆ ಆ ತುದಿಯಲ್ಲಿ ಒಂದು ಬಾಗಿಲು ಸದ್ದಿಲ್ಲದೆ ತೆರೆಯುತ್ತದೆ. ಬಾಗಿಲಲ್ಲಿ ಯಾರಿದ್ದಾರೆ ಎಂದು ನೋಡುವಷ್ಟರಲ್ಲಿ ಎಚ್ಚರವಾಗುತ್ತಿತ್ತು.

ಹಿಂಗಾರಿ ಬಿತ್ತನೆ ಮುಗಿದ ಮೇಲೆ ಅಮೀನಸಾಬ ಸುರಪುರದಿಂದ ಒಂದು ಮಾತು ಹೊತ್ತು ತಂದ. ಹಣಮಮ್ಮ ಹೇಳಿ ಕಳಿಸಿದ್ದಳು: ಅಮಾವಾಸ್ಯೆಯ ದಿನ ಮಧ್ಯಾಹ್ನದವರೆಗೆ ಒಳ್ಳೆಯ ಹೊತ್ತಿದೆ, ಅಮಾವಾಸ್ಯೆ ಕೂಡುವುದು ಆಮೇಲೆ, ಅಷ್ಟರೊಳಗೆ ಬಂದು ಕರಕೊಂಡು ಹೋಗಲಿ. ಈ ಸಲವೂ ಆಗಲಿಲ್ಲವೆಂದರೆ ಹಿರಿಯರನ್ನು ಕೂಡಿಸಿ ಬಿಡುಗಡೆ ಮಾಡಿಕೊಳ್ಳೋಣ. ಆ ದಿನ ಲಾರಿ ಸುರಪುರಕ್ಕೆ ಹೋಗುವುದೇ ಇತ್ತು. ಸೇಠರು, ಕರಕೊಂಡು ಬಾ ಹೋಗು, ಎಂದರು.

ಲಾರಿ ಹಣಮಮ್ಮನ ಮನೆಯ ಮುಂದೆ ಬಂದು ನಿಲ್ಲುವಾಗ ಹಿಂದಿನ ಎಡಗಾಲಿ ಓಣಿಯೆಲ್ಲ ಕೇಳುವಂತೆ ಕಿರುಚಿತು. ದಾರಿಯುದ್ದಕ್ಕೂ ಧೂಳು, ಏನು ಮಾಡುವುದು. ಬಾಗಿಲಲ್ಲಿ ನಿಂತಿದ್ದ ಹಣಮಮ್ಮನ ಮುಖ ಬಿಳಿಚಿತು. ಅವಳು ಆ ಗಾಲಿಯನ್ನು ನೋಡಿದ ರೀತಿ ಅಂಬ್ರಪ್ಪನಿಗೂ ಅರ್ಥವಾಯಿತು. ಅವನೂ ಅದೇ ನಂಬಿಕೆಯ ಅನ್ನ ಉಂಡವನು. ಆದರೂ ಒಳಗೆ ಹೋಗಿ ಊಟಕ್ಕೆ ಕೂತ. ಒಳಕೋಣೆಯಲ್ಲಿ ದೇವಕಮ್ಮ ಗಂಟು ಕಟ್ಟುತ್ತಿದ್ದ ಸದ್ದು ಕೇಳುತ್ತಿತ್ತು.

ಊಟ ಮುಗಿಸಿ ಹೊರಗೆ ಬಂದು, ಗುಡ್ಡದ ದಾರಿ ಹಿಡಿಯುವ ಮೊದಲು ಎಂದಿನಂತೆ ಲಾರಿಯ ಕೆಳಗೆ ತೂರಿದ. ಹರಳೆಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಒಂದು ಗಳಿಗೆ ಅವನು ಬಂಡಿ ಅಡ್ಡೆಯಲ್ಲೇ ಇದ್ದ. ಬೇವಿನ ನೆರಳು, ಎತ್ತುಗಳ ಗೆಜ್ಜೆ, ಎಲ್ಲ ಬಂದು ಹೋದವು. ಆಮೇಲೆ ಕಣ್ಣಿಗೆ ಬಿದ್ದದ್ದು ಹಿಂದಿನ ಎಡಗಾಲಿಯ ಒಳಗಿನಿಂದ ತೊಟ್ಟಿಕ್ಕುತ್ತಿದ್ದ ಎಣ್ಣೆ. ತಲೆ ಹೊರಗೆ ಹಾಕಿದರೆ, ಬಂಡಿಗೆ ಎಣ್ಣೆ ಕೊಡುವ ಕೊಂಬು ಹಿಡಿದು ಹಣಮಮ್ಮ ಅಲ್ಲೇ ನಿಂತಿದ್ದಳು.

"ಅತ್ತೀ, ಇಲ್ಲಿ ಎಣ್ಣಿ ಹಾಕೀರೇನ್ರಿ?"

"ಹಾಕೇನಿ. ಆ ಸಂದಿನಾಗ ಕೊಂಬು ಪೂರಾ ಸುರದೇನಿ. ಅಳೂ ಗಾಲಿ ಮ್ಯಾಲೆ ನನ್ನ ಮಗಳನ್ನ ಕಳಸಂಗಿಲ್ಲ ನಾ. ಒಮ್ಮೆ ಅತ್ತದ್ದು ಸಾಕಾಗೇದ ಆಕಿಗಿ."

ಅವಳ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ? ಊರಿನ ಯಾವ ತಾಯಿಯೂ ಮಾಡುವುದನ್ನೇ ಅವಳು ಮಾಡಿದ್ದಳು. ಹೊತ್ತು ನೆತ್ತಿಗೆ ಬರುತ್ತಿತ್ತು. ಸುಮ್ಮನಿದ್ದುಬಿಡಬಹುದಿತ್ತು. ಉಳಿದ ಗಾಲಿಗಳಿವೆ, ಅಮೀನಸಾಬನ ಕಾಲು ಹದವಾದ ಕಾಲು, ಏನೂ ಆಗದೆಯೂ ಇರಬಹುದು. ಅಂಬ್ರಪ್ಪನಿಗೆ ಸುಮ್ಮನಿರಬೇಕು ಎಂದು ಎಷ್ಟು ಆಸೆಯಾಯಿತೆಂದರೆ ಕಣ್ಣಲ್ಲಿ ನೀರು ಬಂತು. ಆಗಲೇ ದೇವಕಮ್ಮ ಹಸಿರು ಸೀರೆಯುಟ್ಟು ಗಂಟು ಹಿಡಿದು ಹೊಸ್ತಿಲಿಗೆ ಬಂದಳು. ಬಸುರಿಯಾಗಿದ್ದಾಗ ತುಂಬಿದ್ದ ಮುಖ ಈಗ ಇಷ್ಟೇ ಆಗಿತ್ತು. ಅವಳನ್ನು ನೋಡಿದ ಮೇಲೆ ಸುಮ್ಮನಿರುವ ಆಸೆ ಉಳಿಯಲಿಲ್ಲ.

"ಚಾಚಾ, ಗಾಲಿ ಬಿಚ್ಚಬೇಕ್ರಿ," ಎಂದ.

"ಹೊತ್ತು ಮೀರ್ತದೋ."

"ಮೀರ್ಲಿ."

ಗಾಲಿಗಳಿಗೆ ದೊಡ್ಡ ಕಲ್ಲು ಕೊಟ್ಟು, ಜಾಕು ಏರಿಸಿ, ಇಬ್ಬರೂ ಕೂಡಿ ಗಾಲಿ ಇಳಿಸಿದರು. ಅಂಬ್ರಪ್ಪ ಪಟ್ಟಿಗಳನ್ನು ಪೆಟ್ರೋಲಿನಲ್ಲಿ ತೊಳೆದ, ಬೆಂಕಿ ತೋರಿಸಿ ಒಳಗಿನ ಎಣ್ಣೆ ಸುಟ್ಟ, ಮತ್ತೆ ತೊಳೆದ, ಉಸುಕಿನ ಕಾಗದ ಹಾಕಿ ಉಜ್ಜಿದ. ನೆರಳು ಓಣಿಯ ಒಂದು ಮಗ್ಗುಲಿಂದ ಇನ್ನೊಂದಕ್ಕೆ ದಾಟಿತು. ಹಣಮಮ್ಮ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ಗಾಲಿ ಮತ್ತೆ ಏರಿಸಿದ ಮೇಲೆ ಅಮೀನಸಾಬ ಕೈ ತೊಳೆದುಕೊಂಡು ನಮಾಜಿಗೆ ಹೋದ.

ಇನ್ನು ಪರೀಕ್ಷೆ ಉಳಿದಿತ್ತು. ಮೇಲೆ ಒಬ್ಬರು ಪೆಡಲು ಒತ್ತಬೇಕು, ಕೆಳಗೆ ಒಬ್ಬರು ಸರಳು ಎಷ್ಟು ಸರಿಯುತ್ತದೆ ನೋಡಬೇಕು. ಅಂಬ್ರಪ್ಪ ಕೆಳಗೆ ಮಲಗಿ ಅಮೀನಸಾಬನ ದಾರಿ ಕಾಯುತ್ತಿದ್ದ. ಅವನ ಕಣ್ಣ ಮಟ್ಟದಲ್ಲಿ ಎರಡು ಪಾದಗಳು ಬಂದವು, ಬೆಳ್ಳಿಯ ಕಾಲುಂಗುರದ ಪಾದಗಳು. ಮುಂದಿನ ಗಾಲಿಗೆ ಕೊಟ್ಟಿದ್ದ ಕಲ್ಲನ್ನು ದಾಟಿ, ಮೆಟ್ಟಿಲೇರಿ ಮಾಯವಾದವು. ಡ್ರೈವರನ ಜಾಗದಿಂದ ದನಿ ಬಂತು.

"ಏನ್ ಒತ್ತಬೇಕ್ರಿ?"

ಕೂಸು ಹೋದ ಮೇಲೆ ದೇವಕಮ್ಮ ಅವನಿಗೆ ಆಡಿದ ಮೊದಲ ಮಾತು ಅದು.

"ನಡುವಿಂದು, ಅಗಲಂದು. ಬಲಗಾಲಿಲೆ ಒತ್ತು."

ಒತ್ತಿದಳು. ಟಾಕಿಯಲ್ಲಿ ಉಳಿದಿದ್ದ ಗಾಳಿ ಕೊಳವೆಯಲ್ಲಿ ಸುಯ್ಯೆಂದು ಓಡಿ ಬಂತು. ಸರಳು ಸರಿಯಿತು, ಪಟ್ಟಿ ಹಿಡಿಯಿತು.

"ಬಿಡು."

ಬಿಟ್ಟಳು. ಗಾಳಿ ನಿಟ್ಟುಸಿರಿನಂತೆ ಹೊರಗೆ ಹೋಯಿತು. ಎಲ್ಲ ಸರಿಯಾಗಿತ್ತು, ಮೊದಲ ಸಲವೇ ಗೊತ್ತಾಗಿತ್ತು. ಆದರೂ ಅಂಬ್ರಪ್ಪ ಮತ್ತೊಮ್ಮೆ ಒತ್ತು ಎಂದ, ಮತ್ತೊಮ್ಮೆ ಬಿಡು ಎಂದ. ಸರಳನ್ನು ಅವನು ನೋಡುತ್ತಲೇ ಇರಲಿಲ್ಲ. ಕಣ್ಣು ಮುಚ್ಚಿಕೊಂಡು, ಅವಳ ಕಾಲಿಂದ ಹೊರಟ ಗಾಳಿ ತನ್ನ ಎದೆಯ ಮೇಲೆ ಹಾದು ಹೋಗುವುದನ್ನು ಕೇಳುತ್ತಿದ್ದ. ಇನ್ನೊಮ್ಮೆ ಒತ್ತು ಎಂದಾಗ ಹಣಮಮ್ಮ ಕಟ್ಟೆಯಿಂದ ಎದ್ದು ಬಂದಳು.

"ಹೊತ್ತು ಹೋತು, ಅಮಾಸಿ ಕೂಡ್ತು. ಇನ್ ಕಳಸಂಗಿಲ್ಲ. ಇಳಿ ಕೆಳಗ, ದೇವಕಿ."

ಅಂಬ್ರಪ್ಪ ಮುಗಿಯಿತು ಅಂದುಕೊಂಡ.

"ಹೆಂಗ ಇಳೀಲೆವ್ವಾ," ಎಂದಳು ದೇವಕಮ್ಮ. "ಒತ್ತಿ ಹಿಡದೇನಿ. ಅವ್ರು ಗಾಲಿ ಕೆಳಗ ಅದಾರ. ಕಾಲು ತಗದ್ರ ಲಾರಿ ಅವರ ಮ್ಯಾಲೆ ಹೋಗ್ತದ."

ಲಾರಿ ಎಲ್ಲಿಗೂ ಹೋಗುವಂತಿರಲಿಲ್ಲ. ಗಾಲಿಗೆ ಕೊಟ್ಟ ಕಲ್ಲುಗಳು ಓಣಿಗೆಲ್ಲ ಕಾಣುತ್ತಿದ್ದವು. ಅದರಲ್ಲೊಂದನ್ನು ದಾಟಿಯೇ ಅವಳು ಮೇಲೆ ಹತ್ತಿದ್ದಳು. ಅಂಬ್ರಪ್ಪ ಹೊರಗೆ ತೂರಿ ಬರಬಹುದಿತ್ತು. ಬರಲಿಲ್ಲ. ಧೂಳಿನಲ್ಲಿ ಅಂಗಾತ ಬಿದ್ದವನು ಬಿದ್ದಂತೆಯೇ ಉಳಿದ.

ಹಣಮಮ್ಮ ಗಾಲಿ ನೋಡಿದಳು. ಕಲ್ಲು ನೋಡಿದಳು. ಮಗಳ ಮುಖವನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಮನೆಯೊಳಗೆ ಹೋಗಿ ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಕುಂಕುಮ ಇಟ್ಟುಕೊಂಡು ಬಂದಳು. ಅಮೀನಸಾಬ ಹತ್ತುವ ಕಬ್ಬಿಣದ ಮೆಟ್ಟಿಲನ್ನು ಸೀರೆ ಎತ್ತಿ ಹಿಡಿದು ಹತ್ತಿದಳು. ಕೂತಲ್ಲೇ ಮಗಳ ಹಣೆಗೆ ಕುಂಕುಮ ಹಚ್ಚಿ, ಸೆರಗೊಡ್ಡಿಸಿ, ಉಡಿ ತುಂಬತೊಡಗಿದಳು. ತುಂಬಿಸಿಕೊಳ್ಳಲು ದೇವಕಮ್ಮ ಮುಂದೆ ಬಾಗಿದಾಗ ಹಣಮಮ್ಮ ಅವಳ ಮೊಣಕಾಲನ್ನು ಕೈಯಿಂದ ಒತ್ತಿ ಹಿಡಿದಳು.

"ಕಾಲು ಗಟ್ಟಿ ಹಿಡಿ, ಮಗಳ. ಅಳಿಯ ಹೊರಗ ಬರೂತನ ತಗೀಬ್ಯಾಡ."