ಪರೀಕ್ಷಕ ಸೆಬೇಗೊರ ಹಿತ್ತಿಲ ಪಡಸಾಲೆ

ಬೋಟ್ಸ್ವಾನಾದ ರೈಲುದಾರಿಯ ಮೇಲಿನ ಆ ಊರಿನಲ್ಲಿ, ವಯಸ್ಸು ಐವತ್ತು ದಾಟಿದ ಮೇಲೂ ಕಾಲ್ನಡಿಗೆಯಲ್ಲೇ ಓಡಾಡುವ ಗಂಡಸರು ಬಹಳ ಮಂದಿ. ಯಾಕಪ್ಪ ಎಂದು ಕೇಳಿದರೆ ಅವರು ಬಡತನದ ಮಾತು ಎತ್ತುವುದಿಲ್ಲ, ಸೆಬೇಗೊ ಎನ್ನುತ್ತಾರೆ.

ಗಾಲೆಬೋವೆ ಸೆಬೇಗೊ ಆ ಊರಿನಲ್ಲಿ ಗಾಡಿ ಓಡಿಸುವವರನ್ನು ಪರೀಕ್ಷಿಸಿ ಪರವಾನಗಿ ಕೊಡುವ ಅಧಿಕಾರಿಯಾಗಿದ್ದರು. ಕೊಡುವ ಅಧಿಕಾರಿ ಎನ್ನುವುದು ಮಾತಿಗೆ. ಅವರು ಕೊಟ್ಟದ್ದು ಕಡಿಮೆ. ಕನ್ನಡಿ ನೋಡುವ ಮೊದಲು ಕೆಮ್ಮಿದ ಎಂದು ಒಬ್ಬನನ್ನು ಇಳಿಸಿದರು, ತಿರುವಿನಲ್ಲಿ ಪರಿಚಯದವರಿಗೆ ಕೈ ಬೀಸಿದ ಎಂದು ಇನ್ನೊಬ್ಬನನ್ನು ಇಳಿಸಿದರು. ಆ ಕೈ ಬೀಸಿದವನು ಕೇರಿಯ ಯಜಮಾನ ಎಂಬುದು ಗೊತ್ತಿದ್ದೇ ಇಳಿಸಿದರು. ಕೊನೆಗೆ ಸ್ವಂತ ಹೆಂಡತಿ ಕೆಫಿಲ್ವೆಯನ್ನೂ ಬಿಡಲಿಲ್ಲ. ಅವಳು ಪರೀಕ್ಷೆಗೆಂದು ಸಾಲಾಗಿ ಇಟ್ಟ ಡ್ರಮ್ಮುಗಳ ನಡುವೆ ಗಾಡಿಯನ್ನು ಹಿಂದಕ್ಕೆ ತಂದಳು. ಯಾವ ಡ್ರಮ್ಮೂ ಅಲುಗಲಿಲ್ಲ. ಆದರೂ ಸೆಬೇಗೊ ಮೂಗು ಎಳೆದುಕೊಂಡು, "ತುಂಬಾ ಧೈರ್ಯ ಜಾಸ್ತಿ ಆಯ್ತು" ಎಂದು ಬರೆದರು. ಹೆಂಡತಿಯನ್ನೇ ಬಿಡಲಿಲ್ಲ ನೋಡಿ ಎಂದು ಊಟಕ್ಕೆ ಕರೆದವರ ಮನೆಯಲ್ಲೆಲ್ಲ ಹೇಳಿಕೊಂಡು ತಿರುಗಿದರು. ಕೆಫಿಲ್ವೆ ಮತ್ತೆ ಪರೀಕ್ಷೆಗೆ ಹೋಗಲಿಲ್ಲ. ದನದ ಹಟ್ಟಿಗೆ ಹೋಗುವ ಮರಳು ದಾರಿಯಲ್ಲಿ ಮಾತ್ರ ಗಾಡಿ ಅವಳ ಕೈಯಲ್ಲೇ ಇರುತ್ತಿತ್ತು. ಪರೀಕ್ಷಕರು ಪಕ್ಕದಲ್ಲಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು.

ಆ ಕಡೆಯವರ ವಾಡಿಕೆಯಂತೆ ಮೊದಲ ಮಗುವಿನ ಹೆಸರೇ ತಂದೆತಾಯಿಯ ಹೆಸರಾಗುತ್ತದೆ. ಮಗಳು ಬೊನೊಲೊ ಹುಟ್ಟಿದ ಮೇಲೆ ಇವರು ರಾ ಬೊನೊಲೊ, ಎಂದರೆ ಬೊನೊಲೊಳ ಅಪ್ಪ; ಅವಳು ಮಾ ಬೊನೊಲೊ, ಅಮ್ಮ. ಮಗಳು ಈಗ ದೂರದ ಮೌನ್ ಪಟ್ಟಣದಲ್ಲಿ ನರ್ಸು. ಮನೆಯಲ್ಲಿ ಉಳಿದವರು ಇಬ್ಬರೇ. ಕೆಫಿಲ್ವೆ ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಅವಳ ಹೊಲಿಗೆ ಯಂತ್ರ ನಡುಮನೆಯಲ್ಲಿತ್ತು. ಸೆಬೇಗೊ ನಿವೃತ್ತರಾದ ಮರುದಿನ ಬೆಳಿಗ್ಗೆಯೇ ಅದೇ ನಡುಮನೆಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತರು.

"ಮಾ ಬೊನೊಲೊ, ಆ ಕಾಲರು ಎಡಕ್ಕೆ ವಾಲಿದೆ."

"ಹಾಕ್ಕೊಳ್ಳೋ ಹುಡುಗನ ಕುತ್ತಿಗೆನೂ ಎಡಕ್ಕೇ ವಾಲಿದೆ. ನೀವು ಪೇಪರ್ ಓದಿ."

ಪೇಪರು ಎಷ್ಟು ಹೊತ್ತು ಓದಿಯಾರು? ದಾರದ ಬಣ್ಣ ಸರಿಯಿಲ್ಲ, ಯಂತ್ರದ ಸದ್ದು ಸರಿಯಿಲ್ಲ, ಗುಂಡಿಗಳ ನಡುವಿನ ಅಂತರ ಸರಿಯಿಲ್ಲ. ಜೀವಮಾನವಿಡೀ ಊರಿಗೆ ಹಂಚಿಹೋಗುತ್ತಿದ್ದ ತಿರಸ್ಕಾರ ಈಗ ಒಂದೇ ಕೋಣೆಯಲ್ಲಿ ಒಬ್ಬಳ ಪಾಲಿಗೆ ಬಂತು. ಕೆಫಿಲ್ವೆಯ ನಾಲಗೆಯೇನೂ ಮೊಂಡಲ್ಲ. ಆದರೂ ಹೊಲಿಯುವ ಕೈಗೆ ಏಕಾಗ್ರತೆ ಬೇಕಲ್ಲ. ಒಂದು ದಿನ ಅವಳೇ ದಾರಿ ಹುಡುಕಿದಳು.

"ಹಿತ್ತಲಲ್ಲಿ ಒಂದು ಪಡಸಾಲೆ ಕಟ್ಸಿ. ಮೇಲೆ ತಗಡು ಹೊದ್ಸಿ, ಕೆಳಗೆ ಸಿಮೆಂಟು. ಗಾಳಿ ಚೆನ್ನಾಗಿರತ್ತೆ. ನಿಮ್ಮಂಥೋರಿಗೆ ಕೂರೋಕೆ ಜಾಗ."

"ನಮ್ಮಂಥೋರು ಅಂದ್ರೆ?"

"ದೊಡ್ಡ ಮನುಷ್ಯರು."

ಸೆಬೇಗೊ ನಂಬಿದರು. ಹೊಗಳಿಕೆಯನ್ನು ಮಾತ್ರ ಅವರು ಯಾವ ಪರೀಕ್ಷೆಯೂ ಇಲ್ಲದೆ ಪಾಸು ಮಾಡುತ್ತಿದ್ದರು.

ಪಕ್ಕದ ಮನೆಯ ರಾ ತೆಬೋಗೊ, ರೈಲ್ವೆಯಲ್ಲಿ ಕೈಮರ ಎಳೆಯುತ್ತಿದ್ದವನು, ಆಗಲೇ ಅಂಥದೊಂದನ್ನು ಕಟ್ಟಿಕೊಂಡಿದ್ದ. ಸೆಬೇಗೊ ಬೇಲಿಯ ಮೇಲಿಂದ ಇಣುಕಿ ನೋಡಿ ಬಂದರು. "ಮೇಕೆ ದೊಡ್ಡಿ ಇದ್ದ ಹಾಗಿದೆ. ಬಗ್ಗಿಕೊಂಡು ಹೋಗ್ಬೇಕು. ನಮ್ಮದು ಎತ್ತರಕ್ಕಿರ್ಬೇಕು. ಬೀದಿಲಿ ಹೋಗೋರಿಗೆ ಕಾಣ್ಬೇಕು" ಎಂದು, ಅಂಗಡಿಯಲ್ಲಿ ಸಿಕ್ಕ ಅತಿ ಉದ್ದದ ನೀಲಗಿರಿ ಕಂಬಗಳನ್ನೇ ತರಿಸಿ ಹಿತ್ತಿಲ ಆ ತುದಿಗೆ ಸಾಲಾಗಿ ನೆಡಿಸಿದರು.

ಆಮೇಲೆ ಮೇಸ್ತ್ರಿಗಳ ಪರೀಕ್ಷೆ ಶುರುವಾಯಿತು. ಮೊದಲು ಬಂದವನು ಏನೋ ಅಗಿಯುತ್ತಿದ್ದ; ಅವನನ್ನು ಗೇಟಿನಲ್ಲೇ ಕಳಿಸಿದರು. ಎರಡನೆಯವನ ಬೂಟಿನ ಲಾಡಿ ಬಿಚ್ಚಿತ್ತು. ಮೂರನೆಯವನು ಪುಸೊ. ಬಾಯಿಬಡುಕ, ಕುಡುಕ, ಶುಕ್ರವಾರ ಮಧ್ಯಾಹ್ನದ ಮೇಲೆ ಯಾರ ಕೈಗೂ ಸಿಗದವನು. ಅವನು ಕಂಬ ನೋಡಿ, ಮನೆಯ ಸೂರು ನೋಡಿ ನಕ್ಕುಬಿಟ್ಟ.

"ರಾ, ಇದೇನಿದು, ಕಂಬ ಆಕಾಶಕ್ಕೆ ಹೋಗಿದೆ, ಸೂರು ನೆಲಕ್ಕೆ ಬಂದಿದೆ. ತಗಡು ಹಾಕಿದ್ರೆ ನೀರಿನ ವಾಟ ಸೀದಾ ನಿಮ್ಮ ಅಡುಗೆಮನೆಗೇ. ಒಂದು ಮೊಳ ಕಡೀಬೇಕು."

"ನಿನ್ನನ್ನ ನಾನು ಎಷ್ಟು ಸಲ ಫೇಲ್ ಮಾಡಿದ್ದೆ?"

"ಲೆಕ್ಕ ಮರೆತೋಯ್ತು ರಾ."

"ಗಾಡಿ ಹಿಂದಕ್ಕೆ ತರೋಕೆ ಬರ್ದೇ ಇರೋನು ನನ್ನ ಕಂಬ ಕಡೀತೀಯಾ? ನಡಿ."

ಪುಸೊ ಗರಗಸ ಹೆಗಲಿಗೇರಿಸಿಕೊಂಡು ಹಾಡುತ್ತಾ ಹೋದ. ಕೆಫಿಲ್ವೆ ಬಾಗಿಲಲ್ಲಿ ನಿಂತು, "ಅವನಿಗೆ ಹುಚ್ಚು ಅಂದ್ಕೊಳ್ಳಿ, ನನಗೂ ಹುಚ್ಚೇ? ನೀರು ಒಳಗೆ ಬರತ್ತೆ ಅಂತ ನನಗೂ ಕಾಣ್ತಾ ಇದೆ" ಎಂದಳು. "ನಿನಗೆ ಧೈರ್ಯ ಜಾಸ್ತಿ" ಎಂದರು ಸೆಬೇಗೊ, ಮತ್ತು ತಾವೇ ಕಟ್ಟಲು ನಿಂತರು.

ಒಣಗಾಲವಿಡೀ ಕಟ್ಟಿದರು. ಏಣಿ ಹಿಡಿಯುವ ಕೆಲಸ ಕೆಫಿಲ್ವೆಗೆ. ಹೊಲಿಗೆಯ ಕೆಲಸವಂತೂ ಇನ್ನಷ್ಟು ಕೆಟ್ಟಿತು. ಸುದ್ದಿ ಹರಡಿದ ಮೇಲೆ ಬೇಲಿಯಾಚೆ ಜನ ನಿಲ್ಲತೊಡಗಿದರು. ಬಿಸಿಲು ಇಳಿದ ಮೇಲೆ ನೆಟ್ಟಗೆ ಮನೆಗೆ ಹೋಗಬೇಕಾದವರೂ ಸುತ್ತು ಹಾಕಿಕೊಂಡು ಇತ್ತ ಬರುತ್ತಿದ್ದರು.

"ರಾ, ಏಣಿ ಹತ್ತೋ ಮೊದ್ಲು ಕನ್ನಡಿ ನೋಡಿದ್ರಾ?"

"ನೋಡಿ ನೋಡಿ, ಹಿಂದಕ್ಕೆ ಬರ್ತಾ ಇದಾರೆ. ಡ್ರಮ್ಮು ತಾಗೀತು ಹುಷಾರು."

ಸೆಬೇಗೊ ಕೇಳಿಸಿಕೊಳ್ಳದವರಂತೆ ಮೊಳೆ ಹೊಡೆದರು. ಮೊಳೆಗಿಂತ ಬೆರಳಿಗೇ ಹೆಚ್ಚು ಏಟು ಬಿತ್ತು. ಹೇಗೋ ತಗಡು ಏರಿತು. ನೆಲಕ್ಕೆ ಸಿಮೆಂಟು ಬಳಿದು ಕೆಂಪು ಪಾಲಿಶ್ ಉಜ್ಜಿದರು, ಕಂಬಗಳಿಗೆ ಹಸಿರು ಬಣ್ಣ ಹಚ್ಚಿದರು, ಬೆತ್ತದ ಕುರ್ಚಿಯೊಂದನ್ನು ತಂದು ನಡುವೆ ಇಟ್ಟರು. ನೆರೆಯವರನ್ನು ಕರೆದು ಶುಂಠಿ ಪಾನಕ ಕೊಟ್ಟರು. ಬಂದವರೆಲ್ಲ ಲೋಟ ಎತ್ತುವ ನೆಪದಲ್ಲಿ ತಲೆಯೆತ್ತಿ ಮಾಡು ನೋಡಿದರು, ಆಮೇಲೆ ಅಡುಗೆಮನೆಯ ಹೊಸ್ತಿಲು ನೋಡಿದರು, ಆಮೇಲೆ ಕೆಫಿಲ್ವೆಯ ಮುಖ ನೋಡಿದರು. ಯಾರೂ ಏನೂ ಹೇಳಲಿಲ್ಲ. ಹೇಳಿ ತಮಾಷೆ ಯಾಕೆ ಕೆಡಿಸಿಕೊಂಡಾರು?

ನವೆಂಬರಿನ ಒಂದು ಮಧ್ಯಾಹ್ನ ಮೊದಲ ಮಳೆ ಬಂತು. ಆ ನಾಡಿನಲ್ಲಿ ಮಳೆ ಎಂದರೆ ಹರಕೆ, ಹಾರೈಕೆ ಎಲ್ಲ ಅದೇ. ಬೀದಿಯಲ್ಲಿ ಹೆಂಗಸರು ಕೊಡೆ ಬಿಚ್ಚದೆ ನೆನೆದರು. ಸೆಬೇಗೊರ ತಗಡಿನ ಮೇಲೆ ಬಿದ್ದ ನೀರೆಲ್ಲ ಒಗ್ಗೂಡಿ, ಇಳಿಜಾರು ತೋರಿದ ಕಡೆ ಓಡಿ, ಗೋಡೆಗೆ ಬಡಿದು, ಅಡುಗೆಮನೆಯ ಹೊಸ್ತಿಲು ದಾಟಿ ಒಳಗೆ ನುಗ್ಗಿತು. ಜೋಳದ ಹಿಟ್ಟಿನ ಚೀಲ ನೀರು ಕುಡಿಯಿತು. ಅಲ್ಲಿಂದ ನಡುಮನೆಗೆ ಹರಿದು, ಹೊಸ ವರ್ಷದ ಸಮವಸ್ತ್ರಕ್ಕೆಂದು ಕತ್ತರಿಸಿಟ್ಟ ಬಟ್ಟೆಯ ರಾಶಿಯ ಕೆಳಗೆ ಸೇರಿತು. ನೀಲಿ ಬಟ್ಟೆ ಬಣ್ಣ ಬಿಟ್ಟು ಬಿಳಿ ಬಟ್ಟೆಯನ್ನೆಲ್ಲ ಕೆಡಿಸಿತು. ಕೆಫಿಲ್ವೆ ಪೊರಕೆ ಹಿಡಿದು ಹೊರಗೆ ಬಂದರೆ ಪರೀಕ್ಷಕರು ಬೆತ್ತದ ಕುರ್ಚಿಯ ಮೇಲೆ ಹತ್ತಿ ನಿಂತಿದ್ದರು.

"ಗಾಳಿ ಅಡ್ಡ ಬೀಸ್ತು" ಎಂದರು. "ಮಳೆ ಸರಿಯಾದ ದಿಕ್ಕಿಂದ ಬರ್ಲಿಲ್ಲ."

"ಹಾಗಾದ್ರೆ ಮಳೇನ ಫೇಲ್ ಮಾಡಿ" ಎಂದಳು ಕೆಫಿಲ್ವೆ.

ಮರುದಿನವೇ ಸೆಬೇಗೊರಿಗೆ ದನದ ಹಟ್ಟಿಯಲ್ಲಿ ತುರ್ತು ಕೆಲಸ ಹುಟ್ಟಿಕೊಂಡಿತು. ಹಸುಗಳು ಈಯುತ್ತಿವೆ, ಬಿತ್ತನೆ ಇದೆ ಎಂದು ಹೊಸ್ತಿಲಿಗೆ ಮರಳಿನ ಮೂಟೆ ಅಡ್ಡ ಇಟ್ಟು, ಮರಳು ದಾರಿಯಲ್ಲಿ ಓಡಿಸುವವಳು ಜೊತೆಗಿಲ್ಲದ್ದರಿಂದ ತಮ್ಮ ಗಾಡಿ ಮನೆಯಲ್ಲೇ ಬಿಟ್ಟು, ನೆಂಟನೊಬ್ಬನ ಲಾರಿ ಹತ್ತಿ ಹೋದರು.

ಲಾರಿಯ ಧೂಳು ಅಡಗುವ ಮೊದಲೇ ಕೆಫಿಲ್ವೆ ಪುಸೊನ ಮನೆಯ ಮುಂದಿದ್ದಳು. ಬೇಕಾದ ಮರ, ಹೊಸ ತಗಡು, ನೀರು ಹಿಡಿಯುವ ದೋಣಿ ಎಲ್ಲ ಅಂಗಡಿಯಲ್ಲಿದ್ದವು. ಆದರೆ ಅಂಗಡಿಯವನು ಕ್ರಿಸ್‌ಮಸ್ ಕಳೆದ ಮೇಲೆ ಗಾಡಿ ಕಳಿಸುತ್ತೇನೆ ಎಂದ. ಕೆಫಿಲ್ವೆ ಮನೆಗೆ ಬಂದು ಗಂಡನ ಪಿಕಪ್ ಗಾಡಿಯ ಬೀಗದ ಕೈ ತೆಗೆದುಕೊಂಡಳು. ಪುಸೊನನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಗಡು ಹೇರಿಕೊಂಡು, ಸಂತೆಯ ಹೊತ್ತಿನಲ್ಲಿ ಊರಿನ ನಡುರಸ್ತೆಯಲ್ಲೇ ಬಂದಳು. ಚೌಕದಲ್ಲಿ ನಿಂತ ಪೊಲೀಸಿನವನು ಗಾಡಿ ಯಾರದೆಂದು ನೋಡಿದ, ಓಡಿಸುತ್ತಿರುವವಳು ಯಾರೆಂದು ನೋಡಿದ, ಆಮೇಲೆ ರಸ್ತೆ ದಾಟುತ್ತಿದ್ದ ಮೇಕೆಯೊಂದನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಅವಳು ಗೇಟಿನ ಎರಡು ಕಂಬಗಳ ನಡುವೆ ಒಂದೇ ಸಲಕ್ಕೆ ಗಾಡಿಯನ್ನು ಹಿಂದಕ್ಕೆ ತಂದು ಹಿತ್ತಿಲಲ್ಲಿ ನಿಲ್ಲಿಸಿದಳು.

"ಮಾ, ಇಷ್ಟು ಚೆನ್ನಾಗಿ ನನಗೂ ಬರಲ್ಲ" ಎಂದ ಪುಸೊ.

"ಬರಲ್ಲ ಅಂತಾನೇ ನಿನ್ನ ಫೇಲ್ ಮಾಡಿದ್ದು. ಇಳಿ, ತಗಡು ಇಳ್ಸು."

ಪುಸೊನನ್ನೂ ಅವಳು ತಲೆಯ ಮೇಲೆ ಕೂರಿಸಿಕೊಳ್ಳಲಿಲ್ಲ. ಶುಕ್ರವಾರ ಮಧ್ಯಾಹ್ನ ಅವನು ಜಾರಿಕೊಳ್ಳುವ ಹೊತ್ತಿಗೆ ಗೇಟಿಗೆ ಬೀಗ ಜಡಿದು, ಅಲ್ಲೇ ಸ್ಟೂಲು ಹಾಕಿಕೊಂಡು ಗುಂಡಿ ಹೊಲಿಯುತ್ತಾ ಕುಳಿತಳು. ಅವನು ಗೊಣಗುತ್ತಾ ಕಂಬಗಳನ್ನು ಮೊಳದುದ್ದ ಕಡಿದ. ಮನೆಯ ಕಡೆಗೆ ತೊಲೆ ಏರಿಸಿ ಸೂರಿನ ಮೇಲಿಂದ ಹೊಸ ತಗಡು ಇಳಿಸಿದ. ಆ ತುದಿಗೆ ದೋಣಿ ಕಟ್ಟಿ ನೀರನ್ನು ತೊಟ್ಟಿಗೆ ತಿರುಗಿಸಿದ. ಅಂಚಿಗೆ ಕೂರಲು ಗಿಡ್ಡ ಗೋಡೆ ಕಟ್ಟುವಾಗ ಕೆಫಿಲ್ವೆಯೇ ಗಾರೆ ಕಲಸಿದಳು. ಹಸಿರು ಕಂಬಗಳಿಗೆ ಬಿಳಿ ಬಣ್ಣ ಹಚ್ಚಿದಳು. ಮುಂದಿನ ಮಳೆಗೆ ಇಬ್ಬರೂ ಒಳಗೆ ನಿಂತು ಕಾದರು. ಹೊಸ್ತಿಲಿಗೆ ಹನಿ ಬೀಳಲಿಲ್ಲ.

ಹೊಸ ವರ್ಷ ಕಳೆದ ಮೇಲೆ ಸೆಬೇಗೊ ಬಂದರು. ಬೀದಿಯಿಂದ ಮಾಡು ಕಾಣಲಿಲ್ಲ. ಗಾಳಿಗೆ ಹಾರಿಹೋಯಿತೇನೋ ಎಂದು ಅವಸರದಿಂದ ಹಿತ್ತಿಲಿಗೆ ಬಂದವರು ಅಲ್ಲೇ ನಿಂತರು.

"ನನ್ನ ಕಂಬ ಯಾರು ಕಡಿದೋರು?"

"ನಾನು ಕಡಿಸ್ದೆ."

"ಯಾರ ಅಪ್ಪಣೆ?"

"ಒದ್ದೆಯಾದ ಹಿಟ್ಟಿಂದು."

ಸೆಬೇಗೊ ಸೀದಾ ಕೊತ್ಲಾಕ್ಕೆ ಹೋಗಿ ಹೆಂಡತಿಯ ಮೇಲೆ ದೂರು ಕೊಟ್ಟರು. ಕೊತ್ಲಾ ಎಂದರೆ ಮರದಡಿಯ ನ್ಯಾಯಕಟ್ಟೆ. ದನ ಕದ್ದವರಿಂದ ಹಿಡಿದು ಬೈದಾಡಿಕೊಂಡವರವರೆಗೆ ಎಲ್ಲರ ವಿಚಾರಣೆ ಅಲ್ಲಿ. ಆ ಬೆಳಿಗ್ಗೆ ಕಳ್ಳರ ವಿಚಾರಣೆಗೂ ಬಾರದಷ್ಟು ಜನ ಮಡಚುವ ಕುರ್ಚಿ ಹಿಡಿದುಕೊಂಡು ಬಂದಿದ್ದರು. ನಡೆದೇ ಬಂದಿದ್ದರು.

ಕೇರಿಯ ಯಜಮಾನ ದೂರು ಕೇಳಿ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಈ ಮನುಷ್ಯ ನನ್ನನ್ನ ಕೈ ಬೀಸಿದ್ದಕ್ಕೆ ಫೇಲ್ ಮಾಡ್ದೋರು. ನಾನು ತೀರ್ಪು ಕೊಟ್ರೆ ಸೇಡು ಅಂತೀರಿ. ಅವರ ಸೋದರಮಾವ ಇಲ್ಲೇ ಇದಾರೆ, ಅವರೇ ಕೇಳಲಿ" ಎಂದ.

ಸೋದರಮಾವ ಲೆಫೋಕೊ ಹಲ್ಲಿಲ್ಲದ ಮುದುಕ. ಕೋಲಿನ ಮೇಲೆ ಗಲ್ಲ ಇಟ್ಟುಕೊಂಡು ಕೇಳಿದ.

"ಅಳಿಯ, ನೀನು ಕಟ್ಟಿದಾಗ ನೀರು ಮನೆಯೊಳಗೆ ಬಂತೋ ಇಲ್ವೋ?"

"ಆ ಸಲ ಮಳೆ ಅತಿಯಾಯ್ತು ಮಾವ."

"ಮಳೆ ಅತಿಯಾಯ್ತು ಅಂತ ಈ ನಾಡಲ್ಲಿ ದೂರು ಹೇಳಿದೋನು ನೀನೊಬ್ಬನೇ ಕಣಯ್ಯ. ಈಗ ಬರತ್ತಾ?"

ಸೆಬೇಗೊ ಬಗ್ಗಿ ಬೂಟಿನ ಲಾಡಿ ಬಿಗಿದುಕೊಂಡರು.

"ನೀರು ಹೇಳಿದ ಹಾಗೆ ಕೇಳೋ ಪ್ರಾಣಿ. ಒಳಗೆ ಬಾ ಅಂದೆ, ಬಂತು. ನಿನ್ನ ಹೆಂಡ್ತಿ ಹೊರಗೆ ಹೋಗು ಅಂದ್ಳು, ಹೋಯ್ತು. ಇದರಲ್ಲಿ ನ್ಯಾಯ ಹೇಳೋಕೆ ಏನಿದೆ? ಮನೆಗೆ ಹೋಗಿ ಒಣಗಿದ ಜಾಗದಲ್ಲಿ ಕೂತ್ಕೋ."

ಮರದಡಿ ನಗು ಎದ್ದಿತು. ವರ್ಷಗಟ್ಟಲೆ ಹಿಡಿದಿಟ್ಟುಕೊಂಡ ನಗು ಅದು, ಬೇಗ ನಿಲ್ಲಲಿಲ್ಲ. ಕೆಫಿಲ್ವೆ ಈ ನಗುವಿಗಾಗಿ ಎಷ್ಟೋ ಕಾಲದಿಂದ ಕಾದಿದ್ದಳು. ಬಂದಾಗ ಮಾತ್ರ ಅಂದುಕೊಂಡಷ್ಟು ರುಚಿಸಲಿಲ್ಲ. ಗಂಡ ಕುರ್ಚಿ ಮಡಚಲು ಹೋಗಿ, ಅದು ಮಡಚಿಕೊಳ್ಳದೆ, ಹಾಗೇ ತಲೆಯ ಮೇಲೆ ಹೊತ್ತು ಹೊರಟರು. ಹಿಂದಿನಿಂದ ಅವರ ಕಿವಿಗಳು ಮಗುವಿನ ಕಿವಿಗಳಂತೆ ಕಂಡವು. ಅವಳಿಗೆ ಅಯ್ಯೋ ಅನ್ನಿಸಿತು. ಮನೆ ತಲುಪಿದ ಮೇಲೆ ಸೆಬೇಗೊ ಪಡಸಾಲೆಯ ಮಾಡು ನೋಡಿ, "ಆ ಮೂರನೇ ಮೊಳೆ ವಾಲಿದೆ" ಎಂದರು. ಅಲ್ಲಿಗೆ ಆ ಅಯ್ಯೋ ಮುಗಿಯಿತು.

ಆದರೆ ಅಂದಿನಿಂದ ಅವರು ಕೂರುವುದು ಅಲ್ಲೇ. ರೇಡಿಯೊ, ಪೇಪರು, ಚಹಾ ಎಲ್ಲ ಅಲ್ಲಿಗೇ. ನಡುಮನೆ ಕೆಫಿಲ್ವೆಯದಾಯಿತು. ಕಾಲರು ವಾಲಿದರೂ ಕೇಳುವವರಿಲ್ಲ.

ಚಳಿಗಾಲದಲ್ಲಿ ಮಗಳು ಬೊನೊಲೊಳನ್ನು ಮದುವೆಗೆ ಕೇಳಲು ಗಂಡಿನ ಕಡೆಯ ಮಾವಂದಿರು ಬಂದರು. ಕೋಟು ತೊಟ್ಟು, ಕಂಬಳಿ ಹೊದ್ದು ಬಂದ ಆ ಹಿರಿಯರನ್ನು ಪಡಸಾಲೆಯ ಗಿಡ್ಡ ಗೋಡೆಯ ಮೇಲೆ, ಕುರ್ಚಿಗಳ ಮೇಲೆ ಕೂರಿಸಿದರು. ಮಾತುಕತೆ ಸುಗಮವಾಗಿ ಮುಗಿಯಿತು. ಕುಟ್ಟಿದ ಮಾಂಸ, ಜೋಳದ ಮುದ್ದೆ ಬಡಿಸುವ ಹೊತ್ತಿಗೆ ಗಂಡಿನ ದೊಡ್ಡಮಾವ ಸುತ್ತ ನೋಡಿ, "ಒಳ್ಳೇ ಜಾಗ ಮಾಡ್ಕೊಂಡಿದೀರಿ ರಾ. ಯಾರು ಕಟ್ಟಿದ್ದು?" ಎಂದು ಕೇಳಿದ.

"ನಾನೇ ನಿಂತು ಕಟ್ಟಿಸಿದ್ದು" ಎಂದರು ಸೆಬೇಗೊ.

ಕೆಫಿಲ್ವೆ ತಟ್ಟೆ ಹಿಡಿದುಕೊಂಡು ಹೊಸ್ತಿಲಲ್ಲೇ ಇದ್ದಳು. ಬೀಗರ ಮುಂದೆ ತಟ್ಟೆಯನ್ನು ಮೆಲ್ಲಗೆ ಇಳಿಸಿದಳು.

"ಹೌದು ಅಣ್ಣ, ಅವರೇ ನಿಂತಿದ್ರು. ನಿಲ್ದೇ ಇದ್ದಿದ್ರೆ ಒಂದೇ ಸಲಕ್ಕೆ ಮುಗೀತಿತ್ತು."

ಬೀಗರಿಗೆ ಅರ್ಥವಾಗಲು ಒಂದು ತುತ್ತು ಹೊತ್ತು ಹಿಡಿಯಿತು. ಆಮೇಲೆ ನಕ್ಕರು. ಎಲ್ಲರಿಗಿಂತ ಕೊನೆಗೆ, ಬಾಯಿ ತುಂಬ ಮುದ್ದೆ ಇಟ್ಟುಕೊಂಡು, ಸೆಬೇಗೊ ಕೂಡ ನಕ್ಕರು. ನಕ್ಕು, ಮಾಂಸಕ್ಕೆ ಉಪ್ಪು ಒಂದು ಚಿಟಿಕೆ ಕಮ್ಮಿಯಾಯಿತು ಎಂದರು.